ಉಂಡ ಮರದ ಋಣ

ಬಸವನಗುಡಿಯಲ್ಲಿ ಹೊತ್ತು ಮುಳುಗುವ ವೇಳೆಗೆ ಎರಡು ಬಗೆಯ ಸಂಚಾರ ಆರಂಭವಾಗುತ್ತದೆ. ಒಂದು ನೆಲದ ಮೇಲಿನದು. ಗಾಂಧಿ ಬಜಾರಿನಲ್ಲಿ ಮಲ್ಲಿಗೆಯ ಮೊಳಕ್ಕೆ ಚೌಕಾಸಿ ನಡೆಯುತ್ತಿರುತ್ತದೆ. ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಕಾದವರು ನಿಂತಿರುತ್ತಾರೆ. ದೊಡ್ಡ ಬಸವಣ್ಣನ ಗುಡಿಯ ಮೆಟ್ಟಿಲಿಳಿದು ಬಂದವರು ದೊಡ್ಡ ಗಣಪತಿಗೂ ಒಂದು ಪ್ರದಕ್ಷಿಣೆ ಹಾಕಿ ಮನೆಯ ದಾರಿ ಹಿಡಿಯುತ್ತಾರೆ. ಇನ್ನೊಂದು ಸಂಚಾರ ತಲೆಯ ಮೇಲಿನದು. ಅದನ್ನು ತಲೆಯೆತ್ತಿ ನೋಡುವವರು ಕಡಿಮೆ.

ಗುಡಿಗೆ ಅಂಟಿಕೊಂಡಂತಿರುವ ಕಹಳೆ ಬಂಡೆಗೆ ಭೂವಿಜ್ಞಾನಿಗಳು ಕೊಡುವ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಂದಿನ ಕಾಲದಲ್ಲಿ ಕಾವಲುಗಾರನು ಈ ಬಂಡೆಯ ಮೇಲೆ ನಿಂತು, ಸಂಜೆಯಾಗುತ್ತಲೇ ಕಹಳೆಯೂದಿ ಊರಿಗೆ ಎಚ್ಚರಿಕೆ ಕೊಡುತ್ತಿದ್ದನೆಂದು ಪ್ರತೀತಿ. ಕಹಳೆ ನಿಂತು ಎಷ್ಟೋ ಕಾಲವಾಯಿತು. ಆದರೆ ಆ ಹೊತ್ತಿಗೆ ಸರಿಯಾಗಿ ಬಂಡೆಯ ಉದ್ಯಾನದ ಎತ್ತರದ ಮರಗಳಲ್ಲಿ ಈಗಲೂ ಒಂದು ಗದ್ದಲವೇಳುತ್ತದೆ. ಹಗಲೆಲ್ಲ ಕರಿಯ ಚೀಲಗಳಂತೆ ತಲೆಕೆಳಗಾಗಿ ತೂಗುತ್ತಿದ್ದ ಬಾವಲಿಗಳು ರೆಕ್ಕೆ ಬಿಚ್ಚಿ, ಪಕ್ಕದವನೊಡನೆ ಒಂದು ಸಲ ಜಗಳವಾಡಿ, ಕೊಂಬೆ ಬಿಟ್ಟು ಹೊರಡುತ್ತವೆ. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಲೆಕ್ಕ ತಪ್ಪುವಷ್ಟು. ರೆಕ್ಕೆಯ ಅಗಲ ನಾಲ್ಕು ಅಡಿ, ತೂಕ ಒಂದು ಕಿಲೋ ಆಸುಪಾಸು. ಆದರೂ ಸದ್ದು ಅತ್ಯಲ್ಪ. ಕೆಲವು ಲಾಲ್‌ಬಾಗಿನ ದಿಕ್ಕಿಗೆ, ಕೆಲವು ಕೆಂಪಾಂಬುಧಿ ಕೆರೆಯ ದಿಕ್ಕಿಗೆ, ಮತ್ತೆ ಕೆಲವು ಚಾಮರಾಜಪೇಟೆಯ ಹಳೆಯ ಮನೆಗಳ ಹೆಂಚಿನ ಮೇಲೆ ಹಾದು ಕಣ್ಮರೆಯಾಗುತ್ತವೆ. ಎಲ್ಲವೂ ಹೊರಟಿರುವುದು ಊಟಕ್ಕೆ.

ಈ ಪ್ರಾಣಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಬಾವಲಿಯ ಮನೆಗೆ ನೆಂಟನಾಗಿ ಹೋದರೆ ತಾನೂ ಜೋತುಬೀಳಬೇಕೆಂಬ ಅರ್ಥದ ಮಾತನ್ನು ಹಿರಿಯರು ಹಾಸ್ಯಕ್ಕೆ ಹೇಳುತ್ತಾರೆ. ಮನೆಯೊಳಗೆ ನುಗ್ಗಿತೆಂದರೆ ಅಪಶಕುನವೆಂದು ನಂಬುವವರೂ ಉಂಟು. ಅದು ಕುರುಡು ಎಂಬ ಮಾತಂತೂ ಶುದ್ಧ ಅನ್ಯಾಯ. ಹಣ್ಣು ತಿನ್ನುವ ಬಾವಲಿಯ ಮುಖವನ್ನು ಹಗಲಿನಲ್ಲಿ ಹತ್ತಿರದಿಂದ ಕಂಡವರಿಗೆ ನೆನಪಾಗುವುದು ನರಿಯ ಮರಿ. ಕಣ್ಣುಗಳು ದೊಡ್ಡವು, ಮೂತಿ ನೀಳವಾದುದು. ಹುಳು ಹಿಡಿಯುವ ಸಣ್ಣ ಬಾವಲಿಗಳು ಕೂಗಿನ ಪ್ರತಿಧ್ವನಿಯಿಂದ ದಾರಿ ಕಂಡುಕೊಂಡರೆ, ಈ ದೊಡ್ಡ ಬಾವಲಿಗಳಿಗೆ ಆ ವಿದ್ಯೆ ಇಲ್ಲ. ಮಂದ ಬೆಳಕಿನಲ್ಲಿ ಕಾಣುವ ಕಣ್ಣು, ದೂರದ ಹಣ್ಣಿನ ವಾಸನೆಯನ್ನು ಹಿಡಿಯುವ ಮೂಗು, ಈ ಎರಡರ ಬಲದಿಂದಲೇ ಅವುಗಳ ಸಂಸಾರ ಸಾಗಬೇಕು.

ಗವಿಪುರದ ಕಡೆಗಿರುವ ಒಂದು ಅಡ್ಡರಸ್ತೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರ ಮನೆಯಿದೆ. ಮನೆಯ ಮುಂದೆ ಒಂದು ಗಸಗಸೆ ಹಣ್ಣಿನ ಮರ. ಅದರ ಕೆಳಗೆ, ಮಗನು ಸಾಲ ಮಾಡಿ ಕೊಂಡ ಬಿಳಿಯ ಕಾರು. ಈ ಮೂರನ್ನು ಹೇಳಿದರೆ ಉಳಿದ ಕಥೆಯನ್ನು ಓದುಗರೇ ಊಹಿಸಬಲ್ಲರು. ಪ್ರತಿದಿನ ಬೆಳಗಾದರೆ ಕಾರಿನ ಮೇಲೆ ನೂರಾರು ಅಂಟುಚುಕ್ಕೆಗಳು. ಅಗಿದು ಉಗುಳಿದ ಹಣ್ಣಿನ ಸಿಪ್ಪೆ. ಒಂದೊಂದು ಚುಕ್ಕೆಯಲ್ಲಿಯೂ ಮರಳಿನ ಕಣದಂಥ ಬೀಜ.

“ಮಾವ, ತೊಳೆದು ತೊಳೆದು ಕೈ ಸವೆದುಹೋಯಿತು. ಆ ಮರವೊಂದು ಇಲ್ಲದಿದ್ದರೆ ಬಾವಲಿ ಯಾಕೆ ಬರುತ್ತಿತ್ತು?” ಎಂದು ಸೊಸೆ.

“ಪಾಲಿಕೆಗೆ ಅರ್ಜಿ ಬರೆಯುತ್ತೇನಮ್ಮ,” ಎಂದು ಯಜಮಾನರು.

“ಬರೆಯಿರಿ, ಬರೆಯಿರಿ,” ಎಂದು ಒಳಗಿನಿಂದ ಅವರ ಮನೆಯವರು. “ಶಾಲೆ ಬಿಟ್ಟು ಬಂದು ಆ ಮರದ ಹಣ್ಣಿಗೆ ಕಲ್ಲು ಬೀರುತ್ತಿದ್ದವನು ಯಾರು, ನಿಮ್ಮ ಮಗನೇ ಅಲ್ಲವೆ? ಆಗ ಯಾರೂ ಅರ್ಜಿ ಬರೆಯಲಿಲ್ಲ.”

ಅರ್ಜಿ ಬರೆದದ್ದಾಯಿತು. ಅದರಲ್ಲಿ “ಸದರಿ ಮರವನ್ನು ನೆಟ್ಟವರು” ಎಂದು ಆರಂಭವಾದ ವಾಕ್ಯ ಮಾತ್ರ ಪೂರ್ತಿಯಾಗಲಿಲ್ಲ. ಯಜಮಾನರು ಎಷ್ಟು ಯೋಚಿಸಿದರೂ ಆ ಮರವನ್ನು ನೆಟ್ಟವರಾರೆಂಬುದು ನೆನಪಿಗೆ ಬರಲೊಲ್ಲದು. ಅವರು ನೆಟ್ಟಿಲ್ಲ; ಅವರ ತಂದೆಯೂ ನೆಟ್ಟಿಲ್ಲ; ಪಾಲಿಕೆಯವರಂತೂ ಚರಂಡಿಯ ಅಂಚಿನಲ್ಲಿ ಗಿಡ ನೆಡುವುದಿಲ್ಲ.

ಗಸಗಸೆ ಹಣ್ಣಿನ ಮರ ಮೂಲತಃ ಅಮೆರಿಕ ಖಂಡದ ಉಷ್ಣ ಪ್ರದೇಶದ್ದು. ಬೆಂಗಳೂರಿನ ಹಳೆಯ ಬಡಾವಣೆಗಳ ಬೀದಿಗಳಲ್ಲಿ ಅದು ಊರಿನದೇ ಎಂಬಷ್ಟು ಸಲುಗೆಯಿಂದ ನೆಲೆಸಿಬಿಟ್ಟಿದೆ. ವರುಷದ ಬಹುಕಾಲ ದಿನಕ್ಕಿಷ್ಟರಂತೆ ಹಣ್ಣು ಕೊಡುವ ಉದಾರಿ. ಹಗಲಿನ ಪಾಲು ಮಕ್ಕಳಿಗೆ, ಪಿಕಳಾರಗಳಿಗೆ, ಅಳಿಲುಗಳಿಗೆ. ಇರುಳಿನ ಪಾಲು ಗಿಡ್ಡಮೂಗಿನ ಹಣ್ಣುಬಾವಲಿಗೆ. ಇದು ಕಹಳೆ ಬಂಡೆಯ ದೊಡ್ಡ ಬಾವಲಿಯಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ತೂಕ ಐವತ್ತು ಗ್ರಾಮಿನ ಸುತ್ತಮುತ್ತ. ಮರದಲ್ಲಿಯೇ ಕುಳಿತು ತಿನ್ನುವ ಅಭ್ಯಾಸ ಅದಕ್ಕೆ ಕಡಿಮೆ. ಒಂದು ಹಣ್ಣು ಕಚ್ಚಿಕೊಂಡು ನಾಲ್ಕು ಮನೆ ಆಚೆಯ ಇನ್ನೊಂದು ಮರಕ್ಕೆ ಹಾರಿ, ಅಲ್ಲಿ ಜೋತುಬಿದ್ದು, ರಸವನ್ನು ಹೀರಿ, ನಾರನ್ನು ಉಂಡೆ ಮಾಡಿ ಉಗುಳಿ, ಮತ್ತೊಂದಕ್ಕೆ ಮರಳಿ ಬರುತ್ತದೆ. ಸಣ್ಣ ಬೀಜ ರಸದ ಜೊತೆ ಹೊಟ್ಟೆ ಸೇರಿ, ಅಲ್ಪಕಾಲದಲ್ಲಿಯೇ, ಅದೂ ಹೆಚ್ಚಾಗಿ ಹಾರುತ್ತಿರುವಾಗಲೇ, ಹೊರಬೀಳುತ್ತದೆ. ಬಿದ್ದ ಜಾಗ ಕಾರಿನ ಮೇಲಾದರೆ ಅದು ಕೊಳೆ. ಚರಂಡಿಯ ಅಂಚಿನ ಮಣ್ಣಾದರೆ ಅದು ಮರ. ಅರ್ಜಿಯ ಆ ವಾಕ್ಯವನ್ನು ಪೂರ್ತಿ ಮಾಡುವುದು ಯಜಮಾನರಿಗೆ ಕಷ್ಟವಾದುದರ ಕಾರಣ ಇಲ್ಲಿದೆ. ನೆಟ್ಟವನು ಹಕ್ಕಿಯೂ ಆಗಿದ್ದಿರಬಹುದು, ಬಾವಲಿಯೂ ಆಗಿದ್ದಿರಬಹುದು. ಇಬ್ಬರಿಗೂ ವಿಳಾಸವಿಲ್ಲ.

ಹಣ್ಣಿನ ವ್ಯವಹಾರ ಹೇಗೋ ಕಣ್ಣಿಗೆ ಬೀಳುತ್ತದೆ. ಹೂವಿನ ವ್ಯವಹಾರ ಇನ್ನೂ ಗುಟ್ಟಿನದು. ಅದಕ್ಕಾಗಿ ಲಾಲ್‌ಬಾಗಿಗೆ ಹೋಗಬೇಕು.

1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟದಲ್ಲಿ ಬಿಳಿ ಬೂರುಗದ ಒಂದು ಮಹಾವೃಕ್ಷವಿದೆ. ಬುಡದಲ್ಲಿ ಗೋಡೆಗಳಂತೆ ಎದ್ದುನಿಂತ ಬೇರುಗಳ ನಡುವೆ ನಿಂತು ಭಾವಚಿತ್ರ ತೆಗೆಸಿಕೊಳ್ಳದ ಬೆಂಗಳೂರಿನ ಸಂಸಾರವಿರಲಾರದು. ಚಳಿಗಾಲದ ಕೊನೆಯಲ್ಲಿ ಬೂರುಗದ ಮರ ಎಲೆಯೆಲ್ಲ ಉದುರಿಸಿ ಬರಿದಾಗಿ ನಿಲ್ಲುತ್ತದೆ. ಆ ಬರಿಯ ಕೊಂಬೆಗಳಲ್ಲಿ ಮಾಸಲು ಬಿಳುಪಿನ ಹೂಗಳು ಗೊಂಚಲು ಗೊಂಚಲಾಗಿ ಮೊಗ್ಗೊಡೆಯುತ್ತವೆ. ಅವು ಅರಳುವ ಹೊತ್ತು ಸಂಜೆ. ಸೂರ್ಯನಿಗೂ ದುಂಬಿಗೂ ಬೆನ್ನು ತಿರುಗಿಸಿ, ದೀಪ ಹಚ್ಚುವ ಸಮಯಕ್ಕೆ ಬಾಗಿಲು ತೆರೆಯುವ ಈ ಹೂವಿನಲ್ಲಿ ಗುಲಾಬಿಯ ಬಣ್ಣವಿಲ್ಲ, ಮಲ್ಲಿಗೆಯ ಪರಿಮಳವಿಲ್ಲ. ಇರುವುದು ಹಳಸಿದಂಥ ಒಂದು ವಾಸನೆ ಮತ್ತು ಬಟ್ಟಲು ತುಂಬುವಷ್ಟು ಮಕರಂದ. ಎಲೆಯ ಅಡ್ಡಿಯಿಲ್ಲದ ಕೊಂಬೆಗೆ ಹಾರಿಬಂದು ಎರಗುವುದು ದೊಡ್ಡ ರೆಕ್ಕೆಯವರಿಗೂ ಸುಲಭ. ಬಾವಲಿ ಬಂದು ಗೊಂಚಲನ್ನು ತಬ್ಬಿ, ಮೂತಿಯನ್ನು ಹೂವಿನೊಳಗಿಟ್ಟು, ನೀಳವಾದ ನಾಲಗೆಯಿಂದ ರಸವನ್ನು ನೆಕ್ಕುತ್ತದೆ. ಮೇಲೆದ್ದಾಗ ಅದರ ಮೂಗು, ಗಲ್ಲ, ಎದೆಯ ಕೂದಲೆಲ್ಲ ಪರಾಗದಿಂದ ಹಳದಿ. ಆ ಹಳದಿ ಮುಂದಿನ ಮರದ ಹೂವಿಗೆ ಹೋಗಿ ಮುಟ್ಟಿದಾಗ ಮದುವೆ ಮುಗಿಯಿತು. ದಕ್ಷಿಣ ಭಾರತದಲ್ಲಿ ಸಂಶೋಧಕರು ರಾತ್ರಿಯೆಲ್ಲ ಕಾದು ಕುಳಿತು, ಮೂರು ಜಾತಿಯ ಹಣ್ಣುಬಾವಲಿಗಳು ಈ ಮರಕ್ಕೆ ಬಂದುಹೋಗುವುದನ್ನು ದಾಖಲಿಸಿದ್ದಾರೆ. ಬೆಳಗಾದ ಮೇಲೆ ಉಳಿದ ತಳಮಟ್ಟದ ರಸಕ್ಕೆ ಜೇನುನೊಣಗಳು ಬರುತ್ತವೆ. ಆಮೇಲೆ ಹೂವು ನೆಲದ ಪಾಲು. ಮುಂಜಾನೆಯ ವಾಯುಸೇವನೆಗೆ ಬಂದವರು ಅದನ್ನು ತುಳಿದುಕೊಂಡು ನಡೆಯುತ್ತಾರೆ. ಅಂಗಡಿಯಲ್ಲಿ ಬೂರುಗದ ಹತ್ತಿಯ ದಿಂಬು ಕೊಳ್ಳುವಾಗ ಬಾವಲಿಯನ್ನು ನೆನೆಯುವವರು ಯಾರು?

ಬೆಂಗಳೂರಿನ ಉದ್ಯಾನಗಳಲ್ಲಿಯೂ ರಸ್ತೆಗಳಲ್ಲಿಯೂ ಕಾಣುವ ಇನ್ನೊಂದು ಮರಕ್ಕೆ ಕೆಲವರು ಮರಸೌತೆ ಎನ್ನುತ್ತಾರೆ. ಆಫ್ರಿಕದಿಂದ ಬಂದದ್ದು. ಕೊಂಬೆಯಿಂದ ಹಗ್ಗದಂಥ ಉದ್ದನೆಯ ತೊಟ್ಟುಗಳು ಇಳಿಬಿದ್ದು, ಅವುಗಳ ತುದಿಯಲ್ಲಿ ಕಡುಗೆಂಪು ಹೂಗಳು ತೂಗುತ್ತವೆ. ತೊಟ್ಟು ಇಷ್ಟು ಉದ್ದವೇಕೆ ಎಂಬ ಪ್ರಶ್ನೆಗೆ ಉತ್ತರ ಬಾವಲಿಯ ರೆಕ್ಕೆಯಲ್ಲಿದೆ: ಎಲೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳದಂತೆ, ಬಯಲಿನಲ್ಲಿ ಎಲೆಯಿಟ್ಟು ಬಡಿಸಿದಂತೆ ಈ ಏರ್ಪಾಟು. ದಳಗಳು ದಪ್ಪ, ಐವತ್ತು ಗ್ರಾಮಿನ ಅತಿಥಿ ಜೋತುಬಿದ್ದರೂ ಹರಿಯುವುದಿಲ್ಲ. ಆಫ್ರಿಕದಲ್ಲಿ ಅಲ್ಲಿಯ ಬಾವಲಿಗಳು ಮಾಡುವ ಕೆಲಸವನ್ನು ಇಲ್ಲಿ ನಮ್ಮ ಗಿಡ್ಡಮೂಗಿನ ಬಾವಲಿ ಯಾರೂ ಹೇಳಿಕೊಡದೆ ವಹಿಸಿಕೊಂಡಿದೆ. ಪರದೇಶದ ಸೊಸೆಗೆ ಊರಿನಲ್ಲಿಯೇ ತವರು ಸಿಕ್ಕಂತೆ! ಆದರೆ ಆ ಭಾಗ್ಯ ಹೂವಿಗೆ ಮಾತ್ರ. ಎರಡಡಿಯವರೆಗೆ ಬೆಳೆದು ಹಲವು ಕಿಲೋ ತೂಗುವ ಅದರ ಕಾಯನ್ನು ತವರಿನಲ್ಲಿ ಆನೆ, ಜಿರಾಫೆ, ಕೋತಿಗಳು ತಿಂದು ಬೀಜ ಹಂಚುತ್ತವೆ. ಬೆಂಗಳೂರಿನಲ್ಲಿ ಅದನ್ನು ತಿನ್ನುವವರಿಲ್ಲ. ಅದು ಬೀಳುವುದು ಕೆಳಗೆ ನಿಲ್ಲಿಸಿದ ಸ್ಕೂಟರಿನ ಮೇಲೆ.

ಹಿಪ್ಪೆಯ ಮಾತೇ ಬೇರೆ. ಅದು ನಮ್ಮ ನೆಲದ ಮರ. ಬೇಸಿಗೆಯ ಆರಂಭದಲ್ಲಿ ಬಿಡುವ ಹಿಪ್ಪೆಯ ಹೂವಿನಲ್ಲಿ ದಳವೇ ತಿನಿಸು. ಬಾವಲಿಗಳು ರಸ ತುಂಬಿದ ಆ ಮಾಂಸಲ ದಳಗಳನ್ನು ಕಚ್ಚಿ ತಿನ್ನುವುದರೊಳಗೆ ಮುಂದಕ್ಕೆ ಚಾಚಿಕೊಂಡ ಹೂವಿನ ಕೇಸರವೊಂದು ಅವುಗಳ ಮುಖ ಮುಟ್ಟಿರುತ್ತದೆ. ಆಮೇಲೆ ಹಣ್ಣಿಗೂ ಅವೇ ಬರುತ್ತವೆ; ತಿರುಳನ್ನು ತಿಂದು ಬೀಜವನ್ನು ದೂರದಲ್ಲಿ ಬೀಳಿಸುತ್ತವೆ. ಹಿಂದೆ ಹಳ್ಳಿಯ ಮನೆಗಳಲ್ಲಿಯೂ ಗುಡಿಗಳಲ್ಲಿಯೂ ದೀಪಕ್ಕೆ ಹಿಪ್ಪೆಯೆಣ್ಣೆ ಬಳಸುತ್ತಿದ್ದರು. ಬಾವಲಿಯನ್ನು ಅಪಶಕುನವೆಂದು ಓಡಿಸಿದ ಅಜ್ಜಿಯೂ ಸಂಜೆಗೆ ಹಚ್ಚುತ್ತಿದ್ದ ಹಣತೆಯಲ್ಲಿ ಆ ಬಾವಲಿಯ ಕೈವಾಡವಿರುತ್ತಿತ್ತು.

1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದರದು ಆರಂಭವಾಗುವಂತೆ ಸರಣಿ ಹೂಬಿಡುವ ಯೋಜನೆ ಮಾಡಿದರೆಂಬುದು ಪ್ರಸಿದ್ಧ ಸಂಗತಿ. ಅದು ಮನುಷ್ಯರ ಕಣ್ಣಿಗಾಗಿ ಮಾಡಿದ ಪಂಚಾಂಗ. ಇದೇ ಊರಿನಲ್ಲಿ ಬಾವಲಿಗಳೂ ಒಂದು ಪಂಚಾಂಗವನ್ನು ಇಟ್ಟುಕೊಂಡಿವೆ: ಶಿಶಿರದಲ್ಲಿ ಬೂರುಗ, ಯುಗಾದಿಯ ಆಸುಪಾಸಿನಲ್ಲಿ ಹಿಪ್ಪೆ, ಬೇಸಿಗೆಯಲ್ಲಿ ಮರಸೌತೆಯ ಹೂವು, ಮಳೆಗಾಲದಲ್ಲಿ ಕಂಬದ ಅಶೋಕದ ಕರಿಯ ಹಣ್ಣು, ನಡುನಡುವೆ ಆಲ, ಅರಳಿ, ಅತ್ತಿ, ಬಾದಾಮಿ. ಎಲ್ಲಿಯೂ ಏನೂ ಇಲ್ಲದ ದಿನ ಗಸಗಸೆ ಹಣ್ಣು. ಈ ಸರಣಿಯಲ್ಲಿ ಒಂದು ಮರ ತಪ್ಪಿದರೆ ಆ ತಿಂಗಳು ಉಪವಾಸ.

ಉಪವಾಸದ ಈ ಭಯ ಎಷ್ಟು ದೊಡ್ಡದೆಂಬುದನ್ನು ತಿಳಿಯಲು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿಬರಬೇಕು. ಬಯಲುಸೀಮೆಯಲ್ಲಿ ರೈಲಿನಲ್ಲಿ ಪ್ರಯಾಣ ಮಾಡಿದವರೆಲ್ಲ ಕತ್ತಾಳೆಯನ್ನು ಕಂಡಿರುತ್ತಾರೆ. ಹೊಲದ ಬೇಲಿಗೆ, ಹಗ್ಗದ ನಾರಿಗೆ ಬಂದ ಈ ಗಿಡದ ತವರು ಮೆಕ್ಸಿಕೋ ದೇಶದ ಒಣನೆಲ. ಹತ್ತಿಪ್ಪತ್ತು ವರುಷ ಮುಳ್ಳಿನ ಎಲೆಗಳಲ್ಲಿ ಸತ್ತ್ವವನ್ನು ಕೂಡಿಟ್ಟುಕೊಂಡು, ಒಂದು ವರುಷ ಇದ್ದಕ್ಕಿದ್ದಂತೆ ಇಪ್ಪತ್ತಡಿಯ ಹೂಗಂಬವನ್ನೆತ್ತಿ, ಹೂಬಿಟ್ಟು, ಸಾಯುತ್ತದೆ. ಜೀವಮಾನದ ಗಳಿಕೆಯನ್ನೆಲ್ಲ ಒಂದು ಔತಣಕ್ಕೆ ಸುರಿಯುವ ಈ ಗಿಡ ಕಾಯುವುದು ಉದ್ದ ಮೂಗಿನ ಒಂದು ಸಣ್ಣ ಬಾವಲಿಗಾಗಿ. ಈ ಬಾವಲಿಗಳು ವಸಂತಕಾಲದಲ್ಲಿ, ಬಸುರಿನ ಭಾರ ಹೊತ್ತು, ಮೆಕ್ಸಿಕೋದಿಂದ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ ಅರಿಜೋನಾದ ಮರುಭೂಮಿಯವರೆಗೆ ಹಾರುತ್ತವೆ. ದಾರಿಯುದ್ದಕ್ಕೂ ಕಂಬದಂಥ ಕಳ್ಳಿಗಳು ಒಂದರ ನಂತರ ಒಂದಾಗಿ ಇರುಳಿನಲ್ಲಿ ಬಿಳಿಯ ಹೂವರಳಿಸುತ್ತವೆ. ಹಣ್ಣಾದ ಮೇಲೆ ಬೀಜ ಹಂಚುವವೂ ಇವೇ. ಮರಳುವ ದಾರಿಯಲ್ಲಿ ಕತ್ತಾಳೆ. ನಮ್ಮ ಬಾವಲಿ ಹೂವಿನ ಮೇಲೆ ಜೋತುಬಿದ್ದು ಉಂಡರೆ, ಅದು ಹೂವಿನ ಮುಂದೆ ಗಾಳಿಯಲ್ಲಿ ನಿಂತು ಕ್ಷಣಾರ್ಧದಲ್ಲಿ ಉಂಡುಬಿಡುತ್ತದೆ. ಎರಡಕ್ಕೂ ಹತ್ತಿರದ ರಕ್ತಸಂಬಂಧವಿಲ್ಲ. ಬೇರೆ ಬೇರೆ ಖಂಡಗಳಲ್ಲಿ, ಬೇರೆ ಬೇರೆ ಕುಲಗಳು ಹೂವಿನೊಡನೆ ಒಂದೇ ಕರಾರು ಮಾಡಿಕೊಂಡಿವೆ. ಬಾವಲಿಯನ್ನು ನಂಬಿ ಫಲ ಕಟ್ಟುವ ಸಸ್ಯಜಾತಿಗಳು ಜಗತ್ತಿನಲ್ಲಿ 500ಕ್ಕೂ ಹೆಚ್ಚು. ಸವಣೂರಿನ ದೊಡ್ಡಹುಣಸೆ ಮಠದ ಪ್ರಸಿದ್ಧ ಆಫ್ರಿಕದ ಮರಗಳೂ ಆ ಪಟ್ಟಿಗೆ ಸೇರಿದವೇ. ಸಂಜೆಗೆ ಅರಳಿ ಮರುದಿನ ಉದುರುವ ಅವುಗಳ ದೊಡ್ಡ ಬಿಳಿ ಹೂವನ್ನು ನೋಡಿದರೆ ಇದು ಯಾರ ಮನೆಯ ಊಟದೆಲೆಯೆಂದು ಹೇಳಬಹುದು.

ಮೆಕ್ಸಿಕೋದಲ್ಲಿ ಕತ್ತಾಳೆಯ ಒಂದು ಜಾತಿಯಿಂದ ತೆಕೀಲ ಎಂಬ ಮದ್ಯ ತೆಗೆಯುತ್ತಾರೆ. ಹೂವೆದ್ದರೆ ಗಿಡದ ಸಕ್ಕರೆಯೆಲ್ಲ ಹೂವಿಗೆ ಹೋಗುವುದೆಂದು ಹೂಗಂಬವನ್ನು ಚಿಗುರಿನಲ್ಲಿಯೇ ಕತ್ತರಿಸುವುದು ಅಲ್ಲಿಯ ಬೇಸಾಯದ ಪದ್ಧತಿ. ಬಾವಲಿಗೆ ಊಟ ತಪ್ಪಿತು. ಗಿಡಗಳೂ ಬೀಜದಿಂದ ಹುಟ್ಟದೆ ಬುಡದ ಮರಿಗಳಿಂದಲೇ ಬೆಳೆದು, ಸಾಲು ಸಾಲು ಗಿಡಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾದವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರತೊಡಗಿತು. ಅಮೆರಿಕದ ಸಂಯುಕ್ತ ಸಂಸ್ಥಾನ 1988ರಲ್ಲಿ ಈ ಬಾವಲಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಗುಹೆಗಳಿಗೆ ರಕ್ಷಣೆ ದೊರೆಯಿತು. ಕೆಲವು ಬೆಳೆಗಾರರು ಒಂದು ಪಾಲು ಗಿಡಗಳನ್ನು ಹೂವಿಗೆ ಬಿಡಲು ಒಪ್ಪಿದರು. 2018ರಲ್ಲಿ ಬಾವಲಿಯ ಹೆಸರು ಪಟ್ಟಿಯಿಂದ ಹೊರಬಂತು. ನಮ್ಮ ಬೇಲಿಯ ಕತ್ತಾಳೆಗೆ ಆ ಉದ್ದ ಮೂಗಿನ ನೆಂಟ ಇಲ್ಲಿಲ್ಲ. ಅದು ಹೆಚ್ಚಾಗಿ ಬುಡದಲ್ಲಿಯೋ ಹೂಗಂಬದಲ್ಲಿಯೋ ಮರಿಗಳನ್ನು ಹುಟ್ಟಿಸಿಕೊಂಡು ಕಾಲ ಹಾಕುತ್ತಿದೆ.

ನಮ್ಮಲ್ಲಿ ಬಾವಲಿಯ ದೆಸೆ ಸರಕಾರದ ಕಾಗದಗಳಲ್ಲಿಯೂ ಸುಖದ್ದಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಹಣ್ಣುಬಾವಲಿಗಳು ಇದ್ದದ್ದು ಇಲಿ, ಕಾಗೆಗಳ ಜೊತೆ, ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ. ಕೊಂದರೆ ಕೇಳುವವರಿರಲಿಲ್ಲ. ದೊಡ್ಡ ಬಾವಲಿ ವರುಷಕ್ಕೆ ಹೆರುವುದು ಒಂದೇ ಮರಿ. ಅದನ್ನು ಎದೆಗೆ ಕಟ್ಟಿಕೊಂಡಂತೆ ಹೊತ್ತು ಹಾರುವ ತಾಯಿಯನ್ನು ಉಪದ್ರವಕಾರಿ ಎನ್ನುವುದಕ್ಕೆ ಹಣ್ಣಿನ ತೋಟದವರ ದೂರು ಕಾರಣ. ಅವರ ನಷ್ಟವೂ ಸುಳ್ಳಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು.

ನಡುವೆ 2018ರ ಮೇ ತಿಂಗಳು ಬಂತು. ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ರೋಗ ಕಾಣಿಸಿಕೊಂಡು ಸಾವುಗಳಾದವು. ಆ ವಿಷಾಣು ದೊಡ್ಡ ಬಾವಲಿಗಳಲ್ಲಿ ನೆಲೆಸಿರುವುದೆಂಬ ಸುದ್ದಿ ಬೆಂಗಳೂರಿನ ಮನೆಮನೆಗಳನ್ನು ಮುಟ್ಟಿತು. ಈ ಭಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಾಗದು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ನೆಲಕ್ಕೆ ಬಿದ್ದುದನ್ನು ಮಕ್ಕಳ ಕೈಗೆ ಕೊಡಬಾರದು, ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ತಿನ್ನಬೇಕು, ಬಾವಲಿಯನ್ನು ಕೈಯಿಂದ ಮುಟ್ಟಬಾರದು. ವೈದ್ಯರು ಹೇಳಿದ್ದು ಇಷ್ಟು. ಮರ ಕಡಿಯಿರಿ ಎಂದು ಅವರು ಹೇಳಿರಲಿಲ್ಲ. ಬಿಡಾರ ಕಳೆದುಕೊಂಡ ಬಾವಲಿ ಸಾಯುವುದಕ್ಕಿಂತ ಮೊದಲು ಇನ್ನೊಂದು ಬೀದಿಗೆ ಹೋಗುತ್ತದೆ. ಹಸಿವು, ಗಾಬರಿಗಳಿಂದ ದೇಹ ಕುಂದಿದಾಗ ಅದರ ಮೈಯಿಂದ ವಿಷಾಣು ಹೊರಬೀಳುವುದು ಹೆಚ್ಚಾಗಬಹುದೆಂದು ಈ ವಿಷಯವನ್ನು ಅಭ್ಯಾಸ ಮಾಡಿದವರ ಅಭಿಪ್ರಾಯ.

ಮರ ಬೀಳುವುದಕ್ಕೆ ಬಾವಲಿಯೇ ನೆಪವಾಗಬೇಕೆಂದಿಲ್ಲ. 1892ರಲ್ಲಿ ಚಾಮರಾಜಪೇಟೆಯನ್ನೂ, 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳನ್ನೂ ಕಟ್ಟಿದಾಗ ಅಗಲವಾದ ರಸ್ತೆ, ಮನೆಯ ಹಿಂದೆ ಹಿತ್ತಿಲು ಎಂಬುದು ಆರೋಗ್ಯದ ಲೆಕ್ಕಾಚಾರವಾಗಿತ್ತು. ಸಂಪಿಗೆ ರಸ್ತೆಯೆಂದು, ಬೇವಿನ ಹೆಸರಿನ ಮಾರ್ಗೋಸಾ ರಸ್ತೆಯೆಂದು ಮಲ್ಲೇಶ್ವರದಲ್ಲಿ ಬೀದಿಗಳಿಗೆ ಮರದ ಹೆಸರನ್ನೇ ಇಟ್ಟರು. ಇಂದು ಹಿತ್ತಿಲು ಇದ್ದ ಜಾಗದಲ್ಲಿ ನಾಲ್ಕಂತಸ್ತಿನ ಮಹಡಿಗಳಿವೆ. ಹಿತ್ತಿಲಿನ ಜೊತೆ ಸೀಬೆ, ಸಪೋಟ, ಬಾಳೆಗಳೂ ಹೋದವು. 2011ರಲ್ಲಿ ಸ್ಯಾಂಕಿ ರಸ್ತೆಯ ಅಗಲೀಕರಣಕ್ಕೆ ಮರಗಳನ್ನು ಕಡಿದಾಗ ಮಲ್ಲೇಶ್ವರದ ಜನ ಬೀದಿಗಿಳಿದು ಪ್ರತಿಭಟಿಸಿದರು. ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾನೂನಿದೆ. ಸ್ವಂತ ಜಾಗದ ಮರವಾದರೂ ಅಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಗವಿಪುರದ ಯಜಮಾನರು ಅರ್ಜಿ ಬರೆದದ್ದೂ ಅದಕ್ಕಾಗಿಯೇ.

ಆ ಅರ್ಜಿಯನ್ನು ಕೊಡಬೇಕೆಂದಿದ್ದ ಹಿಂದಿನ ರಾತ್ರಿ ಮೊಮ್ಮಗ ಅವರನ್ನು ಮಹಡಿಗೆ ಎಳೆದುಕೊಂಡು ಹೋದನು. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದನು. ಶಾಲೆಯಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ.

“ತಾತ, ಮಾತಾಡಬೇಡಿ. ಬಂತು, ನೋಡಿ.”

ಎಲೆಗಳ ನಡುವೆ ಏನೋ ಫಕ್ಕನೆ ಬಡಿಯಿತು. ಒಂದು ಹಣ್ಣು ಮಾಯವಾಯಿತು. ಕಣ್ಣು ಹಾಯಿಸುವುದರೊಳಗೆ ಆ ನೆರಳು ರಸ್ತೆ ದಾಟಿ, ಎದುರುಮನೆಯ ಆಚೆಯ ತಾಳೆಜಾತಿಯ ಗಿಡದ ಕಡೆಗೆ ಹೋಯಿತು. ಗರಿಯ ನರಗಳನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಮಡಿಸಿ, ಮಳೆಗೂ ಬಿಸಿಲಿಗೂ ಒಂದು ಗುಡಾರ ಮಾಡಿಕೊಂಡು ಸಂಸಾರ ಹೂಡುವ ಜಾಣತನ ಈ ಗಿಡ್ಡಮೂಗಿನ ಬಾವಲಿಗೆ ಉಂಟು. ಗಂಡು ಮನೆ ಕಟ್ಟುತ್ತದೆ, ಒಪ್ಪಿಗೆಯಾದರೆ ಹೆಣ್ಣುಗಳು ಬಂದು ಸೇರುತ್ತವೆ. ತಾತನೂ ಮೊಮ್ಮಗನೂ ಕಾದರು. ನೆರಳು ಮತ್ತೆ ಬಂತು. ಮತ್ತೆ ಒಂದು ಹಣ್ಣು. ಹತ್ತನೆಯ ಸಲಕ್ಕೆ ಯಜಮಾನರು ಎಣಿಸುವುದನ್ನು ಬಿಟ್ಟರು. ಕೆಳಗಿನಿಂದ ಅಡಿಗೆಮನೆಯ ದೀಪ ಆರುವವರೆಗೆ ಇಬ್ಬರೂ ಇಳಿಯಲಿಲ್ಲ.

ಅರ್ಜಿ ಈಗಲೂ ಮೇಜಿನ ಖಾನೆಯಲ್ಲಿದೆ. “ಸದರಿ ಮರವನ್ನು ನೆಟ್ಟವರು” ಎಂಬಲ್ಲಿಗೆ ನಿಂತಿದೆ. ಮುಂದಿನ ವಾರ ಗಾಂಧಿ ಬಜಾರಿನಿಂದ ಕಾರಿಗೆ ಬೂದು ಬಣ್ಣದ ಒಂದು ಹೊದಿಕೆ ಬಂತು. ಸೊಸೆ ಬೆಳಿಗ್ಗೆ ಅದನ್ನು ತೆಗೆದು ಎರಡು ಸಲ ಜೋರಾಗಿ ಕೊಡವುತ್ತಾಳೆ. ಬೀಜಗಳು ಚರಂಡಿಯ ಅಂಚಿಗೆ ಬೀಳುತ್ತವೆ.